ಕಡಿಮೆ ಓಡಿದ ಸ್ವಿಫ್ಟಾ, ಜಾಸ್ತಿ ಓಡಿದ ಪುಂಟೊನಾ?

ಪ್ರಶ್ನೆ: ಎರಡು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡಿಟ್ಟಿದ್ದೇನೆ. ಎರಡೂ 2012ರವು, ಎರಡರಲ್ಲೂ 1.3 ಲೀಟರ್ ಎಂಜಿನ್, 75 ಹಾರ್ಸ್‌ಪವರ್. ಒಂದು ಸುಜುಕಿ ಸ್ವಿಫ್ಟ್. 62,000 ಕಿಲೋಮೀಟರ್ ಓಡಿದೆ, ಒಬ್ಬರೇ ಓನರ್, ಸಿಟಿಯೊಳಗೇ ಓಡಾಡಿದ ಗಾಡಿ. ಆದರೆ ಸರ್ವಿಸ್ ಬಿಲ್ ಮೊದಲ ನಾಲ್ಕು ವರ್ಷದ್ದು ಮಾತ್ರ ಇದೆ. ಇನ್ನೊಂದು ಫಿಯೆಟ್ ಪುಂಟೊ. 1,38,000 ಕಿಲೋಮೀಟರ್, ಇಬ್ಬರು ಓನರ್, ಹೆಚ್ಚಾಗಿ ಹೈವೇ ಓಟ, ಬಿಲ್ಲುಗಳೆಲ್ಲ ಇವೆ. ಬೆಲೆ ಹೆಚ್ಚುಕಮ್ಮಿ ಒಂದೇ. ನನಗೆ ದಿನಾ ಕೆಲಸಕ್ಕೆ ಹೋಗಿ ಬರಲು 14 ಕಿಲೋಮೀಟರ್, ವಾರಕ್ಕೊಮ್ಮೆ ಹೈವೇಯಲ್ಲಿ 160 ಕಿಲೋಮೀಟರ್ ಆಗುತ್ತದೆ. ಮನೆಯಲ್ಲಿ ಎಲ್ಲರೂ ಸ್ವಿಫ್ಟ್ ಅಂತಿದ್ದಾರೆ. ನೀವೇನಂತೀರಿ ಸರ್?

ಉತ್ತರ: ನೀವು ಕೊಟ್ಟ ವಿವರದ ಮೇಲೆ ಹೇಳುವುದಾದರೆ, ನಾನು ಮೊದಲು ಹೋಗಿ ನೋಡುವುದು ಪುಂಟೊವನ್ನು. ಕೊಳ್ಳುವುದು ಅಂತಲ್ಲ, ನೋಡುವುದು. ಮನೆಯವರಿಗೆ ಇದು ವಿಚಿತ್ರ ಅನ್ನಿಸಬಹುದು, ಎರಡು ಪಟ್ಟಿಗಿಂತ ಜಾಸ್ತಿ ಓಡಿದ ಗಾಡಿಯನ್ನು ಯಾರಾದರೂ ಮೊದಲು ನೋಡ್ತಾರಾ ಅಂತ. ಡೀಸೆಲ್ ಗಾಡಿಯಲ್ಲಿ ನೋಡಬೇಕು. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ಮಾತು. ಈ ಎರಡು ಕಾರುಗಳ ಬಾನೆಟ್ ಕೆಳಗಿರುವುದು ಮೂಲತಃ ಒಂದೇ ಎಂಜಿನ್. ಫಿಯೆಟ್‌ನ 1.3 ಮಲ್ಟಿಜೆಟ್, 1248 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, 190 ನ್ಯೂಟನ್ ಮೀಟರ್ ಟಾರ್ಕ್. 2003ರಲ್ಲಿ ಬಂತು. ಆಮೇಲೆ ಸುಜುಕಿ ಅದನ್ನು ಡಿಡಿಐಎಸ್ ಅನ್ನುವ ಹೆಸರಲ್ಲಿ ತನ್ನ ಗಾಡಿಗೆ ಹಾಕಿತು, ಒಪೆಲ್ ಕೋರ್ಸಾಗೂ ಅದೇ ಬಂತು, ಎರಡನೇ ತಲೆಮಾರಿನ ಫೋರ್ಡ್ 'ಕಾ' ಕಾರಿಗೂ ಅದೇ, ಟಾಟಾ ಇಂಡಿಕಾ ವಿಸ್ತಾಗೂ ಅದೇ. ಹಾಗಾಗಿ 'ಯಾವ ಎಂಜಿನ್ ಒಳ್ಳೇದು' ಅನ್ನುವ ಪ್ರಶ್ನೆಯೇ ಇಲ್ಲಿಲ್ಲ. ಈ ಎರಡು ಎಂಜಿನ್‌ಗಳಲ್ಲಿ ಯಾವುದನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಅನ್ನುವುದೊಂದೇ ಪ್ರಶ್ನೆ.

ಇದು ಗಟ್ಟಿ ಎಂಜಿನ್. ಆದರೆ ಒಂದು ವಿಷಯದಲ್ಲಿ ತುಂಬಾ ನಾಜೂಕು: ಎಂಜಿನ್ ಆಯಿಲ್. ಪಿಸ್ಟನ್ ಮತ್ತು ವಾಲ್ವ್‌ಗಳ ಓಟವನ್ನು ಒಂದೇ ತಾಳದಲ್ಲಿಡಲು ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಚೈನ್ ಅಂದರೆ ಜೀವಮಾನವಿಡೀ ಮುಟ್ಟಬೇಕಿಲ್ಲ ಅಂತ ಮಾರುವವರು ಹೇಳುತ್ತಾರೆ, ಅದು ಅರ್ಧ ಸತ್ಯ. ಆ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಇದರ ಹೊಟ್ಟೆಯಲ್ಲಿ ಹಿಡಿಸುವುದೇ ಸುಮಾರು ಮೂರು ಲೀಟರ್ ಆಯಿಲ್. ಅದರಲ್ಲಿ ಒಂದು ಲೀಟರ್ ಕಡಿಮೆಯಾದರೂ, ಅಥವಾ ಹಳೇ ಆಯಿಲ್ ಕೊಳೆತು ಮಡ್ಡಿಯಾದರೂ, ಮೊದಲು ಏಟು ತಿನ್ನುವುದು ಚೈನ್ ಮತ್ತು ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಟರ್ಬೊ. ಚೈನ್ ಸಡಿಲವಾಗಿ ಒಂದೆರಡು ಹಲ್ಲು ಜಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಆಮೇಲೆ ರಿಪೇರಿ ಖರ್ಚು ಗಾಡಿಯ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ.

ಈಗ ನಿಮ್ಮ ಸ್ವಿಫ್ಟ್ ಕಡೆ ನೋಡಿ. ನಾಲ್ಕು ವರ್ಷ ಆದಮೇಲೆ ಬಿಲ್ಲೇ ಇಲ್ಲ. ಆಯಿಲ್ ಬದಲಾಗಿದೆಯೋ ಇಲ್ಲವೋ, ಯಾವ ಆಯಿಲ್ ಹಾಕಿದರೋ, ಯಾರಿಗೂ ಗೊತ್ತಿಲ್ಲ. 'ಕಡಿಮೆ ಓಡ್ತಿತ್ತು, ಅದಕ್ಕೇ ಸರ್ವಿಸ್ ಅಷ್ಟಾಗಿ ಬೇಕಾಗಲಿಲ್ಲ' ಅಂತ ಓನರ್ ಹೇಳಬಹುದು. ಅವರು ಸುಳ್ಳು ಹೇಳುತ್ತಿಲ್ಲದೆಯೂ ಇರಬಹುದು, ನಿಜವಾಗಿ ಹಾಗೇ ನಂಬಿರಬಹುದು. ಆದರೆ ಕಡಿಮೆ ಓಡುವ ಡೀಸೆಲ್ ಗಾಡಿಗೇ ಆಯಿಲ್ ಬದಲಾವಣೆ ಕಾಲಕ್ಕೆ ಸರಿಯಾಗಿ ಬೇಕು. ಡೀಸೆಲ್ ಎಂಜಿನ್ ಬಿಸಿಯಾಗುವುದೇ ನಿಧಾನ, ಯಾಕೆಂದರೆ ಅದು ಪೆಟ್ರೋಲ್ ಎಂಜಿನ್‌ನಷ್ಟು ಶಾಖವನ್ನು ವ್ಯರ್ಥ ಮಾಡುವುದಿಲ್ಲ. ಮೂರು ನಾಲ್ಕು ಕಿಲೋಮೀಟರ್ ಓಡಿಸಿ ಆಫ್ ಮಾಡಿದರೆ ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ, ಸುಡದೇ ಉಳಿದ ಡೀಸೆಲ್ ಆಯಿಲ್‌ಗೆ ಸೇರುತ್ತದೆ, ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೇ ಬಿಡುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕೂರುತ್ತದೆ, ಗಾಳಿ ಒಳಬರುವ ಇನ್‌ಟೇಕ್ ದಾರಿಯಲ್ಲಿ ಮಸಿಯೂ ಆಯಿಲ್ ಆವಿಯೂ ಸೇರಿ ಟಾರಿನ ಹಾಗೆ ಅಂಟಿಕೊಳ್ಳುತ್ತದೆ. ಇದೆಲ್ಲ ನಡೆಯುವಾಗ ಮೀಟರ್ ಮಾತ್ರ ಮೂರು ನಾಲ್ಕು ಕಿಲೋಮೀಟರ್ ಅಷ್ಟೇ ತೋರಿಸುತ್ತದೆ. ಕ್ಲಚ್ಚೂ ಹಾಗೇ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ಓಡಾಡಿದ 62,000 ಕಿಲೋಮೀಟರ್‌ನಲ್ಲಿ ಕ್ಲಚ್ ತುಳಿದಷ್ಟು ಸಲ ಹೈವೇಯ 1,38,000ದಲ್ಲಿ ತುಳಿದಿರುವುದಿಲ್ಲ.

ಪುಂಟೊ ಒಂದು ಸಲ ಸ್ಟಾರ್ಟ್ ಆದರೆ ನೂರು ಕಿಲೋಮೀಟರ್ ಒಂದೇ ಹದದಲ್ಲಿ ಬಿಸಿಯಾಗಿ ಓಡಿದ ಗಾಡಿ. ಬಿಲ್ಲುಗಳಿವೆ. ಈ ಎಂಜಿನ್‌ಗೆ 1,38,000 ಭಯಪಡುವ ಸಂಖ್ಯೆ ಅಲ್ಲವೇ ಅಲ್ಲ.

ಆದರೆ 'ಬಿಲ್ಲುಗಳೆಲ್ಲ ಇವೆ' ಅಂದರೆ ಸಾಲದು. ಅವನ್ನು ಮೇಜಿನ ಮೇಲೆ ಹರಡಿ ಕೂತು ಓದಿ. ಪ್ರತಿ ಬಿಲ್ಲಿನಲ್ಲೂ ತಾರೀಖು ಮತ್ತು ಮೀಟರ್ ರೀಡಿಂಗ್ ಇರುತ್ತದೆ, ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ಓಟ ಒಂದೇ ಗತಿಯಲ್ಲಿ ಏರಿದೆಯಾ? ಎರಡು ಆಯಿಲ್ ಬದಲಾವಣೆಗಳ ನಡುವೆ ಎಲ್ಲಾದರೂ 25,000, 30,000 ಅಂತರ ಬಂದಿದೆಯಾ? ಬಂದಿದ್ದರೆ ಅಲ್ಲಿ ಗೆರೆ ಹಾಕಿ, ಅದು ಬೆಲೆ ಮಾತಾಡುವಾಗ ಬೇಕು. ಕ್ಲಚ್ ಬದಲಾಗಿದೆಯಾ, ಯಾವಾಗ? ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಳಿಕೆ), ಟರ್ಬೊ, ಚೈನ್ ಹೆಸರು ಎಲ್ಲಾದರೂ ಬಂದಿದೆಯಾ? ಬಂದಿದ್ದರೆ ಅದು ಕೆಟ್ಟ ಸುದ್ದಿ ಅಲ್ಲ. ಚೈನ್ ಕಿಟ್ ಬದಲಿಸಿದ ಬಿಲ್ ಸಿಕ್ಕರೆ ನಾನಂತೂ ಆ ಗಾಡಿಗೆ ಸ್ವಲ್ಪ ಜಾಸ್ತಿ ಕೊಡಲೂ ಸಿದ್ಧ.

ಸ್ವಿಫ್ಟ್ ಬಿಲ್ಲುಗಳಲ್ಲೂ ಒಂದು ಕೆಲಸ ಮಾಡಿ, ಇದು ಮುಖ್ಯ. ನಾಲ್ಕನೇ ವರ್ಷದ ಕೊನೇ ಬಿಲ್ಲಿನಲ್ಲಿ ಮೀಟರ್ ಎಷ್ಟಿತ್ತು ನೋಡಿ. 20,000 ಇದ್ದರೆ ಕಥೆ ಹೊಂದುತ್ತದೆ, ವರ್ಷಕ್ಕೆ ಐದು ಸಾವಿರದ ಲೆಕ್ಕ. ಅದೇ 48,000 ಇದ್ದರೆ ಯೋಚಿಸಿ: ನಾಲ್ಕು ವರ್ಷದಲ್ಲಿ 48,000 ಓಡಿದ ಗಾಡಿ, ಉಳಿದ ಇಷ್ಟೂ ವರ್ಷದಲ್ಲಿ ಬರೀ 14,000 ಓಡಿತಾ? ಮನೆಯಲ್ಲಿ ಇನ್ನೊಂದು ಕಾರು ಬಂತು, ಇದು ನಿಂತೇ ಇತ್ತು ಅನ್ನುವ ಕಾರಣ ನಿಜವೇ ಇರಬಹುದು. ಇಲ್ಲದಿದ್ದರೆ ಮೀಟರ್ ತಿರುಗಿಸಿದ್ದಾರೆ. ಕ್ಲಚ್ ಪೆಡಲ್ ರಬ್ಬರ್, ಸ್ಟೀರಿಂಗ್ ಹಿಡಿಯುವ ಜಾಗ, ಡ್ರೈವರ್ ಸೀಟಿನ ಹೊರಅಂಚು ಇವನ್ನು ನೋಡಿದರೆ ಅಂದಾಜು ಸಿಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 2318 ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. 62,000 ಓಡಿದ ಗಾಡಿಗೆ ಟೈರ್ ಮೂರನೇ ಸೆಟ್ ಅಂತ ಗೊತ್ತಾದರೆ ಕಾರಣ ಕೇಳಿ.

ಇನ್ನು ಗಾಡಿ ನೋಡಲು ಹೋಗುವ ದಿನ. ಬೆಳಿಗ್ಗೆ ಹೋಗಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ, ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಅವತ್ತು ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ಡೀಸೆಲ್ ಎಂಜಿನ್‌ನ ಅರ್ಧ ರೋಗ ಗೊತ್ತಾಗುವುದು ತಣ್ಣಗಿರುವಾಗಿನ ಮೊದಲ ಸ್ಟಾರ್ಟ್‌ನಲ್ಲೇ. ಬಿಸಿಯಾದ ಮೇಲೆ ಎಲ್ಲ ಎಂಜಿನ್ನೂ ಚೆಂದ.

ಸ್ಟಾರ್ಟ್ ಮಾಡುವ ಮೊದಲೇ ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡಿ. ಕಪ್ಪಗಿದೆ ಅಂತ ಗಾಬರಿ ಬೇಡ, ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ. ನೋಡಬೇಕಾದ್ದು ಮಟ್ಟ. ಕಡಿಮೆ ಇದ್ದರೆ ಓನರ್ ನೋಡಿಕೊಂಡಿಲ್ಲ ಅಂತ ಅರ್ಥ. ಮೇಲಿನ ಗುರುತಿಗಿಂತ ಜಾಸ್ತಿ ಇದ್ದು, ಮೂಸಿದಾಗ ಡೀಸೆಲ್ ವಾಸನೆ ಬಂದರೆ ಅದು ಇನ್ನೂ ಕೆಟ್ಟದ್ದು, ಇಂಧನ ಆಯಿಲ್‌ಗೆ ಇಳಿಯುತ್ತಿದೆ. ಆಮೇಲೆ ಕೀ ತಿರುಗಿಸಿ, ತಣ್ಣಗಿನ ಎಂಜಿನ್‌ನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಆರುವ ತನಕ ಕಾದು ಸ್ಟಾರ್ಟ್ ಮಾಡಿ. ಮಾಡುವುದು ನೀವಲ್ಲ, ಅವರು ಮಾಡಲಿ. ನೀವು ಬಾನೆಟ್ ತೆರೆದು ಎಂಜಿನ್ ಪಕ್ಕ ನಿಂತಿರಿ. ಮೊದಲ ಎರಡು ಮೂರು ಸೆಕೆಂಡ್ ಚೈನ್ ಕಡೆಯಿಂದ ತಗಡು ಅಲುಗಿದಂಥ ಗರಗರ ಶಬ್ದ ಬಂದು ನಿಂತರೆ ಟೆನ್ಷನರ್ ಅಥವಾ ಚೈನ್ ಸವೆದಿದೆ. ನಿಲ್ಲದೇ ಮುಂದುವರಿದರೆ ಆ ಗಾಡಿ ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿಸಲಿ.

ಹೊಗೆಯನ್ನು ಇನ್ನೊಬ್ಬರು ಹಿಂದೆ ನಿಂತು ನೋಡಲಿ. ಸ್ಟಾರ್ಟ್ ಆದಾಗ ಒಂದು ಕ್ಷಣ ಸ್ವಲ್ಪ ಹೊಗೆ ಬಂದು ನಿಂತರೆ ಪರವಾಗಿಲ್ಲ. ಬಿಳಿ ಹೊಗೆ ನಿಮಿಷಗಟ್ಟಲೆ ಬಂದು ಕಣ್ಣು ಉರಿಸಿದರೆ ಡೀಸೆಲ್ ಸರಿಯಾಗಿ ಸುಡುತ್ತಿಲ್ಲ, ಗ್ಲೋ ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ಸಿಲಿಂಡರ್‌ನೊಳಗೆ ಗಾಳಿ ಒತ್ತುವ ಬಲ, ಅಂದರೆ ಕಂಪ್ರೆಷನ್, ಕಡಿಮೆಯಾಗಿರಲೂಬಹುದು. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಓಡಿಸುವಾಗ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ದಂಡಿಯಾಗಿ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಹೋಗುತ್ತಿದೆ: ಟರ್ಬೊ ಪೈಪ್ ಸೀಳಿರಬಹುದು, ಇಜಿಆರ್ ಕಟ್ಟಿರಬಹುದು.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ನಿಧಾನಕ್ಕೆ ತೆರೆಯಿರಿ. ಸ್ವಲ್ಪ ಗಾಳಿ ಬರುವುದು ಸಹಜ. ಅಲ್ಲಿಂದ ಹೊಗೆ ಪುಸುಪುಸು ಅಂತ ಹೊರಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಇಂಜೆಕ್ಟರ್‌ಗಳ ಬುಡದಲ್ಲಿ ಕಪ್ಪು ಟಾರಿನಂಥದ್ದು ಗಟ್ಟಿಯಾಗಿ ಅಂಟಿಕೊಂಡಿದೆಯಾ, ಅಲ್ಲಿಂದ ಚಫ್ ಚಫ್ ಸದ್ದು ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಕೆಳಗಿನ ತಾಮ್ರದ ವಾಷರ್ ಹೋಗಿದೆ, ಒಳಗಿನ ಒತ್ತಡ ಸೋರುತ್ತಿದೆ. ವಾಷರ್ ಚಿಕ್ಕ ಸಾಮಾನು, ಆದರೆ ಅಂಟಿಕೊಂಡ ಇಂಜೆಕ್ಟರ್ ಬಿಚ್ಚುವುದು ಚಿಕ್ಕ ಕೆಲಸ ಅಲ್ಲ.

ಓಡಿಸುವಾಗ ಹೈವೇಯಲ್ಲಿ ಒಂದಷ್ಟು ದೂರ ಹೋಗಲೇಬೇಕು, ಬೀದಿಯಲ್ಲಿ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕನೇ ಗೇರ್‌ನಲ್ಲಿ 1,500 ಆರ್‌ಪಿಎಂಗೆ ಇಳಿಸಿ ಪೂರ್ತಿ ಒತ್ತಿ. ಎರಡು ಸಾವಿರದ ಹತ್ತಿರ ಟರ್ಬೊ ಎಳೆತ ಸ್ಪಷ್ಟವಾಗಿ ಗೊತ್ತಾಗಬೇಕು. ಅದಕ್ಕಿಂತ ಕೆಳಗೆ ಈ ಎಂಜಿನ್ ಮಂದ, ಎರಡೂ ಗಾಡಿಯಲ್ಲಿ ಹಾಗೇ, ಅದು ದೋಷ ಅಲ್ಲ. ಆರ್‌ಪಿಎಂ ಮುಳ್ಳು ಏರುತ್ತಾ ಹೋಗಿ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ. ನಿಂತಾಗ ನ್ಯೂಟ್ರಲ್‌ನಲ್ಲಿ ಕಟಕಟ ಸದ್ದಿದ್ದು, ಕ್ಲಚ್ ಒತ್ತಿದಾಗ ಅದು ಬದಲಾದರೆ ಕ್ಲಚ್ ಬೇರಿಂಗ್ ಇರಬಹುದು, ಗಾಡಿಯಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ ಅದುರುವುದನ್ನು ತಡೆಯುವ ಎರಡು ಭಾಗದ ಚಕ್ರ) ಇದ್ದರೆ ಅದೂ ಇರಬಹುದು. ಆ ಫ್ಲೈವೀಲ್ ಕ್ಲಚ್‌ಗಿಂತ ದುಬಾರಿ.

ಪುಂಟೊದಲ್ಲಿ ವಿಶೇಷವಾಗಿ ಸ್ಟೀರಿಂಗ್ ನೋಡಿ. ಇದರಲ್ಲಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇದೆ, ಅದು ಕೈಕೊಡುವುದು ಈ ಮಾದರಿಯ ಹೆಸರುವಾಸಿ ತೊಂದರೆ. ನಿಂತಲ್ಲೇ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಎರಡೂ ಕಡೆ ಒಂದೇ ಹಗುರ ಇರಬೇಕು. ಸ್ಟೀರಿಂಗ್ ಇನ್ನೂ ಹಗುರ ಮಾಡುವ ಸಿಟಿ ಬಟನ್ ಇದ್ದರೆ ಒತ್ತಿ ಮತ್ತೆ ತಿರುಗಿಸಿ. ಸ್ಟೀರಿಂಗ್ ಚಿಹ್ನೆಯ ಕೆಂಪು ದೀಪ ಒಮ್ಮೆ ಮಿಂಚಿದರೂ 'ಬ್ಯಾಟರಿ ವೀಕ್ ಇತ್ತು' ಅನ್ನುವ ಮಾತನ್ನು ಹಾಗೇ ಒಪ್ಪಬೇಡಿ. ಬ್ಯಾಟರಿ ದುರ್ಬಲವಾದರೂ ಹಾಗಾಗುವುದು ನಿಜ, ಹಾಗಾದರೆ ಅವರೇ ಹೊಸ ಬ್ಯಾಟರಿ ಹಾಕಿ ತೋರಿಸಲಿ. ಹಂಪ್ ಮೇಲೆ ಹೋಗುವಾಗ ಮುಂದಿನ ಸಸ್ಪೆನ್ಷನ್‌ನಿಂದ ಟಕ್ ಟಕ್ ಬಂದರೆ ಬುಷ್ ಸವೆದಿವೆ. ಅದಕ್ಕೆ ಗಾಡಿ ಬಿಡಬೇಕಿಲ್ಲ, ಬೆಲೆ ಇಳಿಸಿದರೆ ಸಾಕು.

ಡಿಪಿಎಫ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ಓಡಾಟಕ್ಕೆ ಇದು ನೇರ ಸಂಬಂಧ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದು. ಯುರೋಪಿನಲ್ಲಿ ಯುರೋ 5 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಇದು ಬಹುತೇಕ ಕಡ್ಡಾಯವೇ ಆಯಿತು. ಒಂದೇ ಮಾದರಿ, ಒಂದೇ ವರ್ಷದ ಗಾಡಿಯಲ್ಲಿ ಕೆಲವು ದೇಶದಲ್ಲಿ ಇದು ಇರುತ್ತದೆ, ಕೆಲವು ಕಡೆ ಇರುವುದಿಲ್ಲ. ಹಾಗಾಗಿ ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ತಿಳಿದುಕೊಳ್ಳಿ. ಇದ್ದರೆ ಅದು ತನ್ನೊಳಗಿನ ಮಸಿಯನ್ನು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ 600 ಡಿಗ್ರಿಯ ಹತ್ತಿರ ಬಿಸಿ ಬೇಕು, ಅಂದರೆ ಹೈವೇಯಲ್ಲಿ ನಿಲ್ಲದೆ 15–20 ನಿಮಿಷದ ಓಟ ಬೇಕು. ಎಂಜಿನ್ ಆ ಬಿಸಿಗಾಗಿ ಜಾಸ್ತಿ ಡೀಸೆಲ್ ಚಿಮ್ಮಿಸುತ್ತದೆ. ಅರ್ಧದಲ್ಲೇ ಗಾಡಿ ಆಫ್ ಮಾಡುತ್ತಾ ಹೋದರೆ ಫಿಲ್ಟರ್ ಕಟ್ಟುತ್ತದೆ, ಆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಮೇಲೆ ಹೇಳಿದ ಆಯಿಲ್ ಮಟ್ಟ ಏರುವ ಕಥೆ ಇದೇ. ಸಿಟಿಯೊಳಗೇ ಓಡಿದ ಸ್ವಿಫ್ಟ್‌ನಲ್ಲಿ ಡಿಪಿಎಫ್ ಇದ್ದರೆ ನನ್ನ ಅನುಮಾನ ಎರಡು ಪಟ್ಟಾಗುತ್ತದೆ. ಯಾರಾದರೂ 'ಅದನ್ನು ತೆಗೆಸಿಬಿಟ್ಟಿದ್ದೇವೆ, ಈಗ ಪಿಕಪ್ ಜಾಸ್ತಿ' ಅಂದರೆ ಆ ಗಾಡಿ ಬೇಡವೇ ಬೇಡ. ಹಲವು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಆ ಮಸಿ ಹೋಗುವುದು ಹಿಂದೆ ಬರುವವರ ಮೂಗಿಗೆ, ಮಕ್ಕಳ ಶ್ವಾಸಕ್ಕೆ. ಇದರಲ್ಲಿ ನನಗೆ ರಾಜಿಯಿಲ್ಲ.

ಕೊನೆಗೆ ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಹಾಕಿಸಿ. ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಏನೂ ಇಲ್ಲ ಅಂದರೆ ಖುಷಿಪಡಬೇಡಿ, ನಿನ್ನೆ ಸಂಜೆ ಅಳಿಸಿರಬಹುದು. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದನ್ನು ಬಹಳಷ್ಟು ಗಾಡಿಗಳಲ್ಲಿ ಸ್ಕ್ಯಾನರ್‌ನಲ್ಲೇ ಓದಬಹುದು, ಅದನ್ನು ಕೇಳಿ. ಇಂಜೆಕ್ಟರ್‌ಗಳ ಲೀಕ್ ಆಫ್ ಟೆಸ್ಟ್ ಕೂಡ ಮಾಡಿಸಿ. ನಾಲ್ಕೂ ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲ್ ಹೆಚ್ಚುಕಮ್ಮಿ ಒಂದೇ ಸಮ ಇರಬೇಕು. ಒಂದರಿಂದ ಮಾತ್ರ ಜಾಸ್ತಿ ಬಂದರೆ ಅದರ ಕಾಲ ಮುಗಿಯುತ್ತಾ ಬಂದಿದೆ. ಮೆಕ್ಯಾನಿಕ್ ನಿಮ್ಮವರಾಗಿರಲಿ, ಮಾರುವವರ ಕಡೆಯವರು ಬೇಡ.

ಗಾಡಿಗಳ ಸ್ವಭಾವದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ವಿಫ್ಟ್ ಹಗುರ, ಸಿಟಿಯಲ್ಲಿ ಚುರುಕು, ಪಾರ್ಕಿಂಗ್ ಸುಲಭ. ಡಿಕ್ಕಿ ಮಾತ್ರ 200 ಲೀಟರ್ ಆಸುಪಾಸು, ಚಿಕ್ಕದು. ಪುಂಟೊ ನಾಲ್ಕು ಮೀಟರ್ ಉದ್ದ, ಭಾರ, ಡಿಕ್ಕಿ 275 ಲೀಟರ್, ಹೈವೇಯಲ್ಲಿ ನೆಲ ಕಚ್ಚಿ ಓಡುತ್ತದೆ. ಸಿಟಿಯಲ್ಲಿ ಅದೇ ಎಂಜಿನ್ ಇನ್ನೂ ಮಂದ ಅನ್ನಿಸುತ್ತದೆ. ಯುರೋ ಎನ್‌ಸಿಎಪಿ ಅನ್ನುವ ಯುರೋಪಿನ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ 2005ರಲ್ಲಿ ಗ್ರಾಂಡೆ ಪುಂಟೊಗೂ (ಇದೇ ತಲೆಮಾರಿನ ಪುಂಟೊ) 2010ರಲ್ಲಿ ಸ್ವಿಫ್ಟ್‌ಗೂ ಐದು ಸ್ಟಾರ್ ಬಂದಿತ್ತು. ಅದೇ ಪುಂಟೊಗೆ 2017ರ ಹೊಸ ನಿಯಮದಲ್ಲಿ ಸೊನ್ನೆ ಸ್ಟಾರ್. ಹಾಗಾಗಿ ಸ್ಟಾರ್ ನೋಡಿ ಆರಿಸಬೇಡಿ, ನೀವು ಕೊಳ್ಳುವ ಗಾಡಿಯಲ್ಲೇ ಎಷ್ಟು ಏರ್‌ಬ್ಯಾಗ್ ಇದೆ, ಎಬಿಎಸ್ ಇದೆಯಾ ಎಣಿಸಿ. ಪುಂಟೊ ತಯಾರಿಕೆ 2018ರಲ್ಲಿ ನಿಂತಿದೆ. ಎಂಜಿನ್ ಸಾಮಾನಿಗೆ ತೊಂದರೆ ಕಡಿಮೆ, ಅಷ್ಟು ಕಂಪನಿಗಳು ಅದನ್ನು ಬಳಸಿವೆ. ಹೆಡ್‌ಲೈಟ್, ಬಂಪರ್, ಸ್ಟೀರಿಂಗ್ ಕಾಲಮ್ ನಿಮ್ಮ ಕಡೆ ಎಷ್ಟು ದಿನಕ್ಕೆ ಸಿಗುತ್ತದೆ ಅಂತ ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಿ. ಸ್ವಿಫ್ಟ್‌ಗೆ ಈ ಚಿಂತೆ ಕಡಿಮೆ, ಮುಂದೆ ಮಾರುವಾಗಲೂ ಅದಕ್ಕೇ ಗಿರಾಕಿ ಜಾಸ್ತಿ. ಮನೆಯವರ ಮಾತಿನಲ್ಲಿ ಈ ಭಾಗ ಸರಿಯಾಗಿದೆ.

ಡೀಸೆಲ್ಲೇ ಬೇಕಾ ಅಂತ ನೀವು ಕೇಳಲಿಲ್ಲ, ಆದರೂ ಲೆಕ್ಕ ಹಾಕೋಣ. ವರ್ಷಕ್ಕೆ ನಿಮ್ಮ ಓಟ 11,500 ಕಿಲೋಮೀಟರ್ ಆಸುಪಾಸು. ಲೀಟರಿಗೆ 20 ಕೊಡುವ ಡೀಸೆಲ್ ಗಾಡಿ 575 ಲೀಟರ್ ಕುಡಿಯುತ್ತದೆ, 15 ಕೊಡುವ ಪೆಟ್ರೋಲ್ ಗಾಡಿ 767 ಲೀಟರ್. ಉಳಿತಾಯ ವರ್ಷಕ್ಕೆ 190 ಲೀಟರ್. ದೊಡ್ಡದಲ್ಲ. ಒಂದು ಟರ್ಬೊ ಅಥವಾ ನಾಲ್ಕು ಇಂಜೆಕ್ಟರ್ ಖರ್ಚು ಬಂದರೆ ಕೆಲವು ವರ್ಷದ ಉಳಿತಾಯ ಒಂದೇ ಏಟಿಗೆ ಹೋಗುತ್ತದೆ. ವಾರದ ಆ 160 ಕಿಲೋಮೀಟರ್ ಇರುವುದರಿಂದಲೇ ನಾನು ಡೀಸೆಲ್ ಬೇಡ ಅನ್ನುತ್ತಿಲ್ಲ, ದಿನದ ಚಿಕ್ಕ ಓಟದಲ್ಲಿ ಕೂತ ಮಸಿ ಆ ಓಟದಲ್ಲಿ ಸುಟ್ಟು ಹೋಗುತ್ತದೆ. ಆ ಓಡಾಟ ನಿಲ್ಲುವ ಸಾಧ್ಯತೆ ಇದ್ದರೆ ಎರಡನ್ನೂ ಬಿಟ್ಟು ಪೆಟ್ರೋಲ್ ಗಾಡಿ ಹುಡುಕಿ. ಹಳೇ ಡೀಸೆಲ್ ಗಾಡಿ ಎಷ್ಟು ವರ್ಷದವರೆಗೆ ಓಡಿಸಬಹುದು ಅಂತ ನಿಮ್ಮ ಕಡೆಯ ನೋಂದಣಿ ನಿಯಮವನ್ನೂ ಒಮ್ಮೆ ನೋಡಿ.

ಹಾಗಾದರೆ ಸ್ವಿಫ್ಟ್ ಯಾವಾಗ ತಗೋಬಹುದು? ಬಿಲ್ ಇಲ್ಲದ ವರ್ಷಗಳ ಸರ್ವಿಸ್ ದಾಖಲೆ ಗ್ಯಾರೇಜಿನ ಕಂಪ್ಯೂಟರ್‌ನಲ್ಲಿ ಸಿಕ್ಕರೆ, ತಣ್ಣಗಿನ ಸ್ಟಾರ್ಟ್‌ನಲ್ಲಿ ಚೈನ್ ಸದ್ದಿಲ್ಲದಿದ್ದರೆ, ಆಯಿಲ್ ಮುಚ್ಚಳದ ಒಳಗೆ ಮಡ್ಡಿ ಇಲ್ಲದಿದ್ದರೆ, ಧಾರಾಳವಾಗಿ ತಗೊಳ್ಳಿ, ಅದು ಒಳ್ಳೇ ಗಾಡಿ. ದಾಖಲೆ ಸಿಗದಿದ್ದರೆ ಚೈನ್ ಕಿಟ್ ಮತ್ತು ಕ್ಲಚ್ ಖರ್ಚನ್ನು ಬೆಲೆಯಿಂದ ಕಳೆದು ಕೇಳಿ. ಅವರು ಒಪ್ಪದಿದ್ದರೆ ಪುಂಟೊ. ಪುಂಟೊದಲ್ಲೂ ಚೈನ್ ಅಥವಾ ಸ್ಟೀರಿಂಗ್ ಕೆಟ್ಟಿದ್ದರೆ ಎರಡೂ ಬೇಡ, ಇನ್ನೊಂದು ತಿಂಗಳು ಹುಡುಕಿ. 1.3 ಡೀಸೆಲ್ ಗಾಡಿಗಳು ಇನ್ನೂ ಬೇಕಾದಷ್ಟಿವೆ.

ಯಾವುದನ್ನೇ ತಂದರೂ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಡಿಪಿಎಫ್ ಇದ್ದರೆ ಅದಕ್ಕೆ ಹೊಂದುವ ಕಡಿಮೆ ಬೂದಿಯ ಆಯಿಲ್ಲೇ ಹಾಕಿಸಿ, ಯಾವ ಗ್ರೇಡ್ ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಆಮೇಲೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆವಾಗ ಮತ್ತೆ ಬದಲಿಸಿ. ನಡುವೆ ಎರಡು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ತೆಗೆದು ನೋಡಿ. ಬೆಳಿಗ್ಗೆ ಗಾಡಿ ನೋಡಿ ಬಂದ ಮೇಲೆ ಬಿಲ್ಲಿನ ತಾರೀಖು, ಮೀಟರ್ ರೀಡಿಂಗ್, ಲೀಕ್ ಆಫ್ ಟೆಸ್ಟಿನ ಅಳತೆ ಬರೆದು ಕಳಿಸಿ, ಬೆಲೆ ಎಷ್ಟಕ್ಕೆ ಕೇಳಬಹುದು ಅಂತ ಅದನ್ನು ನೋಡಿ ಹೇಳುತ್ತೇನೆ.